“ಅವರಿಗೇನೂ ಗೊತ್ತಾಗಲ್ಲ ಬಿಡಿ”

ಮರೆವಿನ ಕಾಯಿಲೆ ಕೊನೆಯ ಹಂತ ಮುಟ್ಟಿದ ಅಜ್ಜಿಯ ಮಂಚದ ಪಕ್ಕದಲ್ಲೇ ನಿಂತು ನೆಂಟರು ಆಡುವ ಮಾತಿದು. ಮಕ್ಕಳ ಹೆಸರೇ ಮರೆತವರಿಗೆ ಬಿಸಿ, ಚಳಿ, ನೋವು, ಗದರಿಕೆ ಯಾವ ಲೆಕ್ಕ ಎಂಬ ಭಾವನೆ. ಆದರೆ ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಮೊದಲು ಹಾಳಾಗುವುದು ಹೊಸ ನೆನಪು ಕೂಡಿಡುವ ಮಿದುಳಿನ ಭಾಗ. ಸ್ಪರ್ಶವನ್ನು ಅರಿಯುವ ಭಾಗ ಬಹುಕಾಲ ಉಳಿದಿರುತ್ತದೆ.

“ನೋವಿದ್ದರೆ ಹೇಳುತ್ತಿದ್ದರಲ್ಲ?” ಹೇಳಲು ಮಾತೆಲ್ಲಿದೆ! 2003ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪೇನಾಡ್ ಎಂಬ ಅಳತೆಪಟ್ಟಿ ಮಾತನ್ನು ಕಾಯುವುದೇ ಇಲ್ಲ. ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಸುಮ್ಮನಾಗುತ್ತಾರೋ ಇಲ್ಲವೋ, ಈ ಐದನ್ನು ನೋಡಿ ಹತ್ತಕ್ಕೆ ಅಂಕ ಹಾಕುತ್ತದೆ. ನಾರ್ವೆಯ ವೃದ್ಧಾಲಯಗಳ 352 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರು ಹಂತಹಂತವಾಗಿ ನೋವಿನ ಔಷಧ ಕೊಟ್ಟವರ ಚಡಪಡಿಕೆ ಇಳಿಯಿತು. ಅವರಲ್ಲಿ ಹೆಚ್ಚಿನವರಿಗೆ ಕೊಟ್ಟದ್ದು ಪ್ಯಾರಾಸಿಟಮಾಲ್, ಅಷ್ಟೇ. ನಾವು ಹಟ ಎಂದುಕೊಂಡದ್ದು ಮಂಡಿನೋವೋ ಹಲ್ಲುನೋವೋ ಮಲಬದ್ಧತೆಯೋ ಆಗಿರಬಹುದು.

ಸ್ನಾನದ ಹೊತ್ತಿಗೆ ಹೊಡೆಯಲು ಬಂದರೆ ಸ್ವಭಾವ ಕೆಟ್ಟಿತು ಎನ್ನುತ್ತೇವೆ. ಗುರುತಿಲ್ಲದವರು ಹಿಂದಿನಿಂದ ಬಂದು, ಸೀರೆ ಬಿಚ್ಚಿ, ತಲೆಗೆ ಚೊಂಬು ನೀರು ಸುರಿದರೆ ಯಾರು ತಾನೇ ಕೈ ಎತ್ತುವುದಿಲ್ಲ? ಎದುರಿನಿಂದ ಬಂದು, ಕಣ್ಣಿಗೆ ಬಿದ್ದು, ಮಾತಾಡಿಸಿ ಆಮೇಲೆ ಮುಟ್ಟಬೇಕು. ನೀರಿನ ಬಿಸಿಯನ್ನು ಮೊದಲು ನಿಮ್ಮ ಮೊಣಕೈಗೆ ತಾಗಿಸಿ ನೋಡಿ. ಮೈಗೆ ದೊಡ್ಡ ಟವೆಲ್ ಹೊದಿಸಿ, ಒರೆಸುವ ಭಾಗವನ್ನಷ್ಟೇ ತೆರೆದು, ಒರೆಸಿ ಮತ್ತೆ ಮುಚ್ಚಿ. ಹಾಸಿಗೆಯಲ್ಲೇ ಹೀಗೆ ಮೈ ಒರೆಸಿದರೆ ರೇಗಾಟ ಕಡಿಮೆಯಾಗುವುದನ್ನು ಅಮೆರಿಕದ ನರ್ಸಿಂಗ್ ಹೋಂಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ದಿನಾ ತಲೆಗೆ ನೀರು ಬೀಳಲೇಬೇಕೆಂಬ ಪಟ್ಟು ಮನೆಯವರ ಸಮಾಧಾನಕ್ಕೇ ಹೊರತು ಕಾಯಿಲೆಯವರ ಸುಖಕ್ಕಲ್ಲ.

ಇನ್ನು “ಹೇಗೂ ಮರೆಯುತ್ತಾರೆ, ಬೈದರೇನು?” 2014ರಲ್ಲಿ ಅಯೋವಾದ ಸಂಶೋಧಕರು ಆಲ್ಝೈಮರ್ಸ್ ಇದ್ದ 17 ಮಂದಿಗೆ ದುಃಖದ, ನಗುವಿನ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದು ಬೇಗ ಮರೆತುಹೋಯಿತು, ದುಃಖ ಉಳಿಯಿತು. ಅವರ ಕಾಯಿಲೆ ಇಷ್ಟು ಮುಂದುವರಿದಿರಲಿಲ್ಲ, ನಿಜ. ಆದರೂ ಬೈಯಲು ಅದೊಂದು ನೆಪವಾಗದು.

ನಳಿಕೆಯಲ್ಲಿ ಊಟ ಕೊಟ್ಟರೆ ಆರಾಮ ಎಂಬುದೂ ಬರೀ ನಂಬಿಕೆ. ಕಾಯಿಲೆ ತೀರಾ ಬಲಿತವರಿಗೆ ನಳಿಕೆ ಬೇಡ, ಕೈಯಾರೆ ಉಣಿಸಿ ಎನ್ನುತ್ತದೆ ಅಮೆರಿಕದ ವೃದ್ಧರೋಗ ತಜ್ಞರ ಸಂಘ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಟ್ಟು, ಒಂದು ನುಂಗಿದ ಮೇಲೆ ಇನ್ನೊಂದು. ತುಟಿ ಬಿಗಿದು ಮುಖ ತಿರುಗಿಸಿದರೆ ಬಲವಂತ ಬೇಡ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ.