ಹೊಗೆಯ ಘಮ, ಪೀಪಾಯಿಯ ಲೆಕ್ಕ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸುಟ್ಟ ಗೋವಿನಜೋಳದ ಘಮಕ್ಕೂ ಸ್ಕಾಟ್ಲೆಂಡಿನ ವಿಸ್ಕಿಯ ಹೊಗೆವಾಸನೆಗೂ ಏನು ಸಂಬಂಧ? ಸಸ್ಯಗಳಲ್ಲಿರುವ ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್ ಮೊದಲಾದ ಫೀನಾಲ್ ವರ್ಗದ ಸಂಯುಕ್ತಗಳು ಹುಟ್ಟುತ್ತವೆ. ಹೊಗೆಯ ಘಮಕ್ಕೆ ಇವೇ ಮುಖ್ಯ ಕಾರಣ.

ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಸಸ್ಯರಾಶಿಯೇ ಪೀಟ್. ಮೊಳಕೆ ಬಂದ ಬಾರ್ಲಿಯನ್ನು ಇದರ ಹೊಗೆಯಲ್ಲಿ ಒಣಗಿಸಿದರೆ ಫೀನಾಲುಗಳು ಕಾಳಿಗೆ ಅಂಟುತ್ತವೆ. ಬಟ್ಟಿ ಇಳಿಸಿದ ಮೇಲೂ ಅವುಗಳಲ್ಲಿ ಒಂದಷ್ಟು ಉಳಿಯುತ್ತವೆ. ಓಕ್ ಮರದ ಪೀಪಾಯಿಯಲ್ಲಿ ಮಾಗುವಾಗ ಹೊಗೆವಾಸನೆ ಮೆಲ್ಲಗೆ ತಗ್ಗಿ, ಮರದಿಂದ ವೆನಿಲಿನ್ ಸೇರುತ್ತದೆ.

ಹಾಗಾದರೆ ಹಳೆಯದಾದಷ್ಟೂ ಉತ್ತಮವೇ? ವರ್ಷದ ಎಣಿಕೆಯೊಂದೇ ಸಾಲದು, ಹವೆಯನ್ನೂ ನೋಡಬೇಕು. ಪೀಪಾಯಿಯಿಂದ ಆವಿಯಾಗುವ ಭಾಗಕ್ಕೆ ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ಶೇ. 10 ಎಂದೇ ಹಿಡಿದರೂ 100 ಲೀಟರಿನಲ್ಲಿ ಹತ್ತು ವರ್ಷದ ನಂತರ ಇಲ್ಲಿ ಉಳಿಯುವುದು ಸುಮಾರು 35 ಲೀಟರ್, ಅಲ್ಲಿ 82. ಬಿಸಿ ಹವೆಯಲ್ಲಿ ಮಾಗುವಿಕೆಯೂ ಚುರುಕು. ಆದ್ದರಿಂದಲೇ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬೆಂಗಳೂರಿನ ‘ಅಮೃತ್’ ಸಿಂಗಲ್ ಮಾಲ್ಟ್, ಕೆಲವೇ ವರ್ಷ ಮಾಗಿದ್ದರೂ ಪರಿಣತರ ಮೆಚ್ಚುಗೆ ಗಳಿಸಿತು.

ಪರಿಣತರು ‘ರುಚಿ’ ಎನ್ನುವುದರಲ್ಲಿ ಬಹುಪಾಲು ವಾಸನೆಯೇ. ಬಾಯಿಯ ಆವಿ ಗಂಟಲ ಹಿಂಬದಿಯಿಂದ ಮೂಗಿಗೇರುತ್ತದೆ. ಇದನ್ನು ತಿಳಿಯಲು ಆರೋಗ್ಯಕ್ಕೆ ಹಾನಿಕರವಾದ ಮದ್ಯ ಬೇಕಿಲ್ಲ, ಲವಂಗ ಸಾಕು. ಅದರ ಯೂಜಿನಾಲ್ ಗ್ವಾಯಕಾಲಿನ ಹತ್ತಿರದ ಬಂಧು. ಮೂಗು ಹಿಡಿದು ಲವಂಗ ಅಗಿಯಿರಿ: ನಾಲಗೆ ಚುರುಗುಟ್ಟೀತು, ಘಮವಿರದು. ಈಗ ಮೂಗು ಬಿಡಿ!