ಶೆಡ್ಡಲ್ಲಿ ನಿಂತ ಹಳೇ ಫಿಯೆಟ್ ತಗೊಳ್ಳೋ ಆಸೆಯೇ? ಮೊದಲು ಆರ್‌ಸಿ ನೋಡಿ, ಎಂಜಿನ್ ಕೊನೆಗೆ

ಚಿಕ್ಕಮಗಳೂರು: ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ತೋಟದ ಮನೆಗಳಿಗೆ ಹೋದರೆ ಕಾರ್ ಶೆಡ್ಡಿನ ಮೂಲೆಯಲ್ಲಿ ಗೊಬ್ಬರದ ಚೀಲಗಳ ಮಧ್ಯೆ ಒಂದು ಹಳೇ ಫಿಯೆಟ್ಟೋ ಜೀಪೋ ನಿಂತಿರೋದು ಹೊಸ ವಿಷಯವಲ್ಲ. ಟೈರಿನ ಗಾಳಿ ಹೋಗಿ ವರ್ಷಗಳೇ ಆಗಿರುತ್ತೆ. ಯಜಮಾನರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಲ್ಲಿರುತ್ತಾರೆ. "ಜಾಗ ಖಾಲಿ ಆದ್ರೆ ಸಾಕು, ಎಷ್ಟಾದ್ರೂ ಕೊಡಿ" ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಮನಸ್ಸು ಕರಗುತ್ತೆ. ಮೊಬೈಲಲ್ಲಿ ಹಳೇ ಕಾರು ಹೊಸದಾಗೋ ಹತ್ತು ನಿಮಿಷದ ವಿಡಿಯೋ ನೋಡಿದ್ದೇ ಇರ್ತೀವಿ. ಆ ಹತ್ತು ನಿಮಿಷದ ಹಿಂದೆ ಹತ್ತು ತಿಂಗಳ ಟಿಂಕರಿಂಗ್ ಇದೆ ಅನ್ನೋದು ಮಾತ್ರ ಆಗ ನೆನಪಿಗೆ ಬರಲ್ಲ.

ಇಂಥ ಗಾಡಿ ತಗೋಬೇಡಿ ಅಂತ ಹೇಳೋಕೆ ಈ ಲೇಖನ ಅಲ್ಲ. ಆದರೆ ತಗೊಳ್ಳೋರಲ್ಲಿ ಹೆಚ್ಚಿನವರು ನೋಡೋ ಕ್ರಮವೇ ತಲೆಕೆಳಗು. ಬಾನೆಟ್ ಎತ್ತಿ, ಬ್ಯಾಟರಿ ತಂದು ಕೊಟ್ಟು, ಎಂಜಿನ್ ಒಂದು ಸಲ ಗುಡುಗಿದ ಕೂಡಲೇ ಅಡ್ವಾನ್ಸ್ ಕೊಟ್ಟುಬಿಡ್ತಾರೆ. ಎಂಜಿನ್ ಕೆಟ್ಟಿದ್ದರೆ ಮಾಡಿಸಬಹುದು. ಕಾಗದ ಕೆಟ್ಟಿದ್ದರೆ, ತಳ ಕೊಳೆತಿದ್ದರೆ ಕಷ್ಟ.

ಮೊದಲು ಒಂದು ತಪ್ಪು ತಿಳಿವಳಿಕೆ. 15 ವರ್ಷ ಆದ ಕಾರು ರಸ್ತೆಗೆ ತರೋ ಹಾಗಿಲ್ಲ ಅಂತ ಅಂಗಡಿ ಕಟ್ಟೆಯಲ್ಲಿ ಮಾತಾಡೋರು ಇನ್ನೂ ಇದ್ದಾರೆ. ಆ ಗಲಾಟೆ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಿಕೊಳ್ತಾ ಹೋಗಬಹುದು. ಗಾಡಿ ಚೆನ್ನಾಗಿದ್ದರೆ ಎಷ್ಟು ಸಲ ಬೇಕಾದರೂ.

ಖರ್ಚು ಇರೋದು ಇಲ್ಲೇ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಆಗ 5,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನ 10,000 ಮಾಡಿದರು, ಬೈಕಿಗೆ 2,000. ಇದರ ಮೇಲೆ ತಡ ಮಾಡಿದ್ದಕ್ಕೆ ಬೇರೆ ಲೆಕ್ಕ: ಕೇಂದ್ರದ ನಿಯಮದಲ್ಲಿ ತಡವಾದ ಪ್ರತಿ ತಿಂಗಳಿಗೆ ಕಾರಿಗೆ 500, ಬೈಕಿಗೆ 300 ರೂಪಾಯಿ. ಐದು ವರ್ಷ ತಡ ಅಂದರೆ 60 ತಿಂಗಳು, ಅಂದರೆ 30 ಸಾವಿರ. ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಇದರಲ್ಲಿ ಸೇರಿಲ್ಲ. ಶೆಡ್ಡಿನ ಗಾಡಿಗಳ ಆರ್‌ಸಿ ಮುಗಿದು ಐದಲ್ಲ, ಹದಿನೈದು ವರ್ಷ ಆಗಿರೋದೂ ಇದೆ. ಹಾಗಾಗಿ ಮಾತುಕತೆಗೆ ಮುಂಚೆ ಗಾಡಿ ನಂಬರ್ ಹಿಡಿದುಕೊಂಡು ಆರ್‌ಟಿಒ ಕೌಂಟರಿಗೆ ಹೋಗಿ, ಒಟ್ಟು ಎಷ್ಟು ಕಟ್ಟಬೇಕಾಗುತ್ತೆ ಅಂತ ಬರೆಸಿಕೊಂಡು ಬನ್ನಿ. ನಲವತ್ತು ಸಾವಿರಕ್ಕೆ ಸಿಕ್ಕ ಗಾಡಿಗೆ ಅಷ್ಟೇ ದುಡ್ಡು ಬಾಕಿ ಕಟ್ಟಬೇಕು ಅಂತ ಗೊತ್ತಾದರೆ ಚೌಕಾಸಿಗೆ ಅದೇ ಆಧಾರ.

ಇನ್ನೊಂದು ಇಕ್ಕಟ್ಟು ಇದೆ. ನವೀಕರಣಕ್ಕೆ ಗಾಡಿಯನ್ನ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು. ಅಂದರೆ ಬ್ರೇಕ್, ಲೈಟು, ಟೈರು ಎಲ್ಲ ಸರಿಯಾಗಿ, ಓಡೋ ಸ್ಥಿತಿಯಲ್ಲಿ ಇರಬೇಕು. ದುಡ್ಡು ಸುರಿದು ಗಾಡಿ ಎಬ್ಬಿಸಿದ ಮೇಲಷ್ಟೇ ಕಾಗದ ಆಗುತ್ತೋ ಇಲ್ವೋ ಗೊತ್ತಾಗೋದು. ಅದಕ್ಕೇ ಕೆಲಸಕ್ಕೆ ಕೈ ಹಾಕೋ ಮುಂಚೆ ಚಾಸಿ ನಂಬರ್ ಹುಡುಕಿ, ಅದರ ಮೇಲಿನ ಮಣ್ಣು ಒರೆಸಿ, ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ. ಒಂದೊಂದು ಅಂಕೆಯೂ ಆರ್‌ಸಿಗೆ ತಾಳೆಯಾಗಬೇಕು. ಎಂಜಿನ್ ನಂಬರೂ ಅಷ್ಟೇ. ತುಕ್ಕು ತಿಂದು ನಂಬರೇ ಕಾಣದಿದ್ದರೆ, ಅಥವಾ ಆ ಜಾಗದಲ್ಲಿ ವೆಲ್ಡಿಂಗ್ ಗುರುತು ಇದ್ದರೆ, ನಮಸ್ಕಾರ ಹೇಳಿ ವಾಪಸ್ ಬನ್ನಿ. ಜೀಪುಗಳಲ್ಲಿ ಈ ತೊಂದರೆ ಜಾಸ್ತಿ, ಆರ್‌ಸಿ ಒಂದು ಗಾಡಿದು, ನಿಂತಿರೋದು ಇನ್ನೊಂದು.

ನಂಬರ್ ಪ್ಲೇಟ್ ಎಂವೈ, ಎಂಇ ಅಂತ ಶುರುವಾಗೋ ಕಾಲದ್ದಾದರೆ ಅದರ ಮಾಹಿತಿ ಕಂಪ್ಯೂಟರಿಗೆ ಏರದೇ ಇರಬಹುದು. ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಏನೂ ಬರಲ್ಲ. ಹಾಗಂತ ಗಾಡಿ ನಕಲಿ ಅಂತಲ್ಲ. ನೋಂದಣಿಯಾದ ಕಚೇರಿಯ ಹಳೇ ರಿಜಿಸ್ಟರ್ ತೆಗೆಸಿ ಮಾಹಿತಿ ಏರಿಸಬೇಕು, ಅದಕ್ಕೆ ಒರಿಜಿನಲ್ ಆರ್‌ಸಿ ಪುಸ್ತಕ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪುಸ್ತಕ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು ಫಾರ್ಮ್ 26ರಲ್ಲಿ ನಕಲು ಪ್ರತಿ ಕೇಳಬೇಕು, ಮತ್ತು ಅದನ್ನ ಕೇಳಬೇಕಾದವರು ಮಾರೋರು, ನೀವಲ್ಲ.

ಮಾಲೀಕರು ತೀರಿಕೊಂಡಿದ್ದರೆ ಆರ್‌ಸಿ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಬದಲಾಗಬೇಕು. ಆಮೇಲೆ 29, 30ರಲ್ಲಿ ನಿಮ್ಮ ಹೆಸರಿಗೆ. "ಅಪ್ಪಂದು ಕಾರು, ನಾನೇ ಮಗ, ಸೈನ್ ಹಾಕಿ ಕೊಡ್ತೀನಿ" ಅಂದರೆ ಸಾಲದು. ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ ಇದ್ದರೆ ಅವರೆಲ್ಲರ ಒಪ್ಪಿಗೆ ಇಲ್ಲದೆ ನೀವು ಗಾಡಿಗೆ ಬಣ್ಣ ಹೊಡೆಸಿದ ದಿನ ಒಬ್ಬರಾದರೂ ತಕರಾರು ತೆಗೀತಾರೆ. ಹೊಳೆಯೋ ಗಾಡಿ ನೋಡಿದ ಮೇಲೇ ನೆನಪುಗಳೂ ವಾಪಸ್ ಬರೋದು.

"ವಿಂಟೇಜ್" ಅನ್ನೋ ಮಾತಿನ ಬೆಲೆ

ಮಾರೋರು ಎಲ್ಲದಕ್ಕೂ ವಿಂಟೇಜ್ ಅಂತಾರೆ. ಕಾನೂನಿನಲ್ಲಿ ಅದಕ್ಕೊಂದು ಅಳತೆ ಇದೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಆಗ ನಂಬರಿನ ಮಧ್ಯೆ 'ವಿಎ' ಅಕ್ಷರ ಬರುತ್ತೆ, ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ಅವಧಿ. ನಮ್ಮ ಕಡೆ ಸಿಗೋ ಫಿಯೆಟ್ಟುಗಳಲ್ಲಿ ಬಹುಪಾಲು ಪ್ರೀಮಿಯರ್ ಪದ್ಮಿನಿ. ಮುಂಬೈನ ಪ್ರೀಮಿಯರ್ ಕಂಪನಿ ಫಿಯೆಟ್ 1100 ಕಾರಿಗೆ ಪದ್ಮಿನಿ ಅಂತ ಹೆಸರಿಟ್ಟಿದ್ದೇ 1974ರಲ್ಲಿ, ಆಮೇಲೆ ಸುಮಾರು 2000ದವರೆಗೂ ತಯಾರಾಯ್ತು. ಹಾಗಾಗಿ 85ರದ್ದೋ 92ರದ್ದೋ ಪದ್ಮಿನಿ ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಅಲ್ಲ, ಬರೀ ಹಳೇ ಕಾರು. ವಿಂಟೇಜ್ ಅಂತ ಹೆಚ್ಚಿಗೆ ಕೇಳಿದರೆ ನೋಂದಣಿ ವರ್ಷ ತೋರಿಸಿ ಅನ್ನಿ.

ಒಂದು ಲೆಕ್ಕದಲ್ಲಿ ವಿಂಟೇಜ್ ಅಲ್ಲದಿರೋದೇ ಒಳ್ಳೇದು. ವಿಎ ನಂಬರಿನ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಅಂತ ಮಾತ್ರ ರಸ್ತೆಗೆ ತರಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಅರ್ಧ ರಿಯಾಯಿತಿ ಇದೆ ನಿಜ, ಆದರೆ ಭಾನುವಾರ ಮನೆಯವರನ್ನ ಕೂರಿಸಿಕೊಂಡು ಸಂಬಂಧಿಕರ ಮನೆಗೆ ಹೋಗೋ ಸುಖ ಬೇಕು ಅಂದರೆ ಮಾಮೂಲಿ ನವೀಕರಣವೇ ವಾಸಿ.

ಶಾಮಿಯಾನ, ಫೋಟೋ ಸ್ಟುಡಿಯೋ, ಕಲ್ಯಾಣ ಮಂಟಪ ನಡೆಸೋರಿಗೆ ಇಲ್ಲೊಂದು ಮಾತು. ಹಳೇ ಕಾರು ರೆಡಿ ಮಾಡಿ ಮದುವೆ ದಿಬ್ಬಣಕ್ಕೆ, ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಬಾಡಿಗೆಗೆ ಬಿಟ್ಟರೆ ಹಾಕಿದ ದುಡ್ಡು ವಾಪಸ್ ಬರುತ್ತೆ ಅನ್ನೋ ಲೆಕ್ಕಾಚಾರ ತುಂಬಾ ಜನರ ತಲೆಯಲ್ಲಿದೆ. ಬಿಳಿ ಬೋರ್ಡಿನ ಖಾಸಗಿ ಕಾರನ್ನ ಬಾಡಿಗೆಗೆ ಓಡಿಸೋದು ಕಾನೂನು ಬಾಹಿರ. ವಿಎ ನಂಬರಿನ ಗಾಡಿಗೂ ವಾಣಿಜ್ಯ ಬಳಕೆ ನಿಷಿದ್ಧ. ಸಿಕ್ಕಿಬಿದ್ದರೆ ದಂಡ, ಅದು ಹೇಗೋ ಕಟ್ಟಬಹುದು. ದಿಬ್ಬಣದ ದಿನ ಅಪಘಾತವಾಗಿ, ಗಾಡಿ ಬಾಡಿಗೆಗೆ ಹೋಗಿತ್ತು ಅಂತ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಂಡರೆ ಅಂಗಡಿಯೇ ಮಾರಬೇಕಾಗುತ್ತೆ. ಅಂಗಡಿ ಮುಂದೆ ನಿಲ್ಲಿಸಿ ಜನ ಫೋಟೋ ತೆಗೆಸಿಕೊಳ್ಳೋದು ಬೇರೆ ವಿಷಯ. ಅದಕ್ಕೆ ಗಾಡಿ ರಸ್ತೆಯಲ್ಲಿ ಓಡಬೇಕು ಅಂತೇನಿಲ್ಲ.

ಮಲೆನಾಡಿನ ಮಳೆ ಮತ್ತು ತಗಡು

ಕಾಗದ ಸರಿ ಇದೆ ಅಂತಾದರೆ ಮುಂದಿನ ಕೆಲಸ ನೆಲದ ಮೇಲೆ ಮಲಗೋದು. ಪದ್ಮಿನಿ, ಅಂಬಾಸಿಡರ್ ಎರಡಕ್ಕೂ ಜೀಪು, ಲಾರಿಗಳ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯ ತಗಡೇ ಚಾಸಿಯ ಕೆಲಸವನ್ನೂ ಮಾಡುತ್ತೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ಕಾಲಿಡೋ ಜಾಗದ ತಳ, ಡಿಕ್ಕಿಯ ತಳ, ಮುಂದಿನ ಸಸ್ಪೆನ್ಷನ್ ಕೂರೋ ಜಾಗ ಇವು ಕೊಳೆತರೆ ಹೋಗೋದು ಅಂದ ಮಾತ್ರ ಅಲ್ಲ, ಗಾಡಿಯ ಬಲವೇ ಹೋಗುತ್ತೆ. ನಮ್ಮ ಮಳೆಗೆ, ಮಣ್ಣಿನ ನೆಲದ ಶೆಡ್ಡಿನ ತೇವಕ್ಕೆ ತುಕ್ಕು ಕೆಳಗಿಂದ ಹತ್ತುತ್ತೆ. ಮೇಲೆ ಬಣ್ಣ ಹೊಳೀತಿರುತ್ತೆ, ಮ್ಯಾಟ್ ಎತ್ತಿದರೆ ನೆಲ ಕಾಣುತ್ತೆ.

ಒಂದು ಸಣ್ಣ ಆಯಸ್ಕಾಂತವನ್ನ ತೆಳು ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಂಡು ಹೋಗಿ. ಬಾಡಿ ಮೇಲೆಲ್ಲ ಸವರಿಕೊಂಡು ಬನ್ನಿ. ಎಲ್ಲಿ ಹಿಡಿಯಲ್ವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನ ತಟ್ಟಿ, ಟಣ್ ಅಂದರೆ ಸರಿ, ದಬ್ ಅಂದರೆ ಅನುಮಾನ. ನಾಲ್ಕೂ ಬಾಗಿಲು ಎತ್ತಿ ತಳ್ಳದೆ ತಾನಾಗಿ ಮುಚ್ಚಿಕೊಳ್ಳಬೇಕು, ಮುಚ್ಚದಿದ್ದರೆ ಬಾಡಿ ಕುಸಿದಿರಬಹುದು.

ಬಾಡಿ ಕೆಲಸಕ್ಕೆ ಯಾಕಿಷ್ಟು ಭಯಪಡಬೇಕು ಅಂದರೆ, ಅದಕ್ಕೆ ರೇಟ್ ಹೇಳೋಕೇ ಆಗಲ್ಲ. ಎಂಜಿನ್ ಬೋರ್ ಮಾಡಿಸಿ ಪಿಸ್ಟನ್ ಹಾಕಿಸೋಕೆ ಇಷ್ಟು ಅಂತ ಲೇತಿನವರು ಹೇಳ್ತಾರೆ. ಟಿಂಕರಿಂಗ್ ಮೇಸ್ತ್ರಿ ಹೇಳೋದು ಬಣ್ಣ ಕೆರೆದ ಮೇಲೆ. ಕೆರೆದಷ್ಟೂ ತೂತು ದೊಡ್ಡದಾಗುತ್ತೆ. ಹೊಸ ತಗಡು ಕತ್ತರಿಸಿ, ಬಗ್ಗಿಸಿ, ಕೈಯಲ್ಲೇ ಆಕಾರ ಕೊಟ್ಟು ಬೆಸೆಯೋ ಹಳೇ ಮೇಸ್ತ್ರಿಗಳು ತಾಲ್ಲೂಕಿಗೆ ಒಬ್ಬಿಬ್ಬರು ಉಳಿದಿದ್ದರೆ ಹೆಚ್ಚು. ಅವರಿಗೆ ದಿನಾ ಅಪಘಾತದ ಗಾಡಿಗಳು ಬರ್ತಾ ಇರ್ತವೆ. ನಿಮ್ಮ ಫಿಯೆಟ್ ಹಿಂದಿನ ಸಾಲಿನಲ್ಲಿ ಟಾರ್ಪಾಲ್ ಹೊದ್ದು ಕಾಯುತ್ತೆ. ಪ್ರಾಜೆಕ್ಟುಗಳು ಸಾಯೋದು ಹೆಚ್ಚಾಗಿ ಇಲ್ಲೇ. ಗಾಡಿ ನೋಡೋಕೆ ಹೋಗುವಾಗ ಮೆಕ್ಯಾನಿಕ್ ಬದಲು ಟಿಂಕರಿಂಗ್ ಮೇಸ್ತ್ರಿಯನ್ನ ಕರೆದುಕೊಂಡು ಹೋಗಿ, ಅರ್ಧ ದಿನದ ಕೂಲಿ ಕೊಟ್ಟರೂ ಲಾಭವೇ.

ಎಂಜಿನ್ ವಿಷಯ ಬೇಗ ಮುಗಿಸಬಹುದು. ಪದ್ಮಿನಿಯದು 1089 ಸಿಸಿ, ಹಳೇ ಅಂಬಾಸಿಡರಿನದು 1489 ಸಿಸಿ. ಎರಡೂ ಸರಳ ಪೆಟ್ರೋಲ್ ಎಂಜಿನ್, ಸೆನ್ಸರ್, ಕಂಪ್ಯೂಟರ್ ಏನಿಲ್ಲ. ಜಾಮ್ ಆಗಿದ್ದರೆ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಆಯಿಲ್ ಬಿಟ್ಟು ಕೆಲವು ದಿನ ನೆನೆಯೋಕೆ ಬಿಡಿ, ಆಮೇಲೆ ಕೈಯಲ್ಲಿ ತಿರುಗಿಸಿ. ಸೆಲ್ಫ್ ಹೊಡೆದು ಒತ್ತಾಯ ಮಾಡಿದರೆ ಇದ್ದದ್ದೂ ಹಾಳು. ನೀಲಿ ಹೊಗೆ ಅಂದರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬರ್ತಿದ್ದರೆ ನೀರು ಒಳಗೆ ಹೋಗ್ತಿದೆ. ಸ್ಪೇರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇದೆ. ಎಂಜಿನ್ ಸಾಮಾನಿಗಿಂತ ಕಷ್ಟ ಆಗೋದು ಗ್ರಿಲ್, ಲೈಟಿನ ರಿಂಗ್, ಬಾಗಿಲ ಹಿಡಿಯಂಥ ಚಿಲ್ಲರೆ ಸಾಮಾನಿಗೆ. ಗಾಡಿಯಲ್ಲಿ ಏನೇನು ಕಳೆದಿದೆ ಅಂತ ಮೊದಲೇ ಪಟ್ಟಿ ಮಾಡಿಕೊಳ್ಳಿ.

ಮೈಲೇಜ್ ಆಸೆಗೆ ಡೀಸೆಲ್ ಎಂಜಿನ್ ಕೂರಿಸೋ ಐಡಿಯಾ ಯಾರಾದರೂ ಕೊಟ್ಟೇ ಕೊಡ್ತಾರೆ. ಆರ್‌ಟಿಒ ಅನುಮತಿ ಇಲ್ಲದೆ ಎಂಜಿನ್ ಬದಲಿಸೋ ಹಾಗಿಲ್ಲ. ಕಂಪನಿ ಕೊಟ್ಟ ಮೂಲ ರಚನೆಯನ್ನ ಬೇಕಾದ ಹಾಗೆ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗೆ ಬದಲಿಸಿದ ಗಾಡಿ ತಗೊಂಡರೆ ನವೀಕರಣದ ದಿನ ನಿಮ್ಮ ಹೆಗಲಿಗೆ ಬೀಳುತ್ತೆ.

ಎಂಜಿನ್ ಓಡಿದ ಖುಷಿಯಲ್ಲಿ ಗಾಡಿಯನ್ನ ಸೀದಾ ಘಾಟಿಗೆ ಇಳಿಸಬೇಡಿ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತ ಗಾಡಿಯ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರಿನ ರಬ್ಬರ್ ಒಣಗಿ ಸೀಳಿರುತ್ತೆ. ಅಂಗಳದಲ್ಲಿ ಪೆಡಲ್ ಗಟ್ಟಿ ಅನ್ನಿಸಿದ್ದು ಚಾರ್ಮಾಡಿ ಇಳಿಜಾರಲ್ಲಿ ನಾಲ್ಕನೇ ತಿರುವಿಗೆ ನೆಲ ಮುಟ್ಟಬಹುದು. ಮೊದಲು ಬ್ರೇಕ್ ಪೂರ್ತಿ, ಆಮೇಲೆ ಪೆಟ್ರೋಲ್ ಲೈನ್, ಆಮೇಲೆ ವೈರಿಂಗ್, ಆಮೇಲೆ ಓಡಿಸೋದು. ಬಣ್ಣ ಎಲ್ಲಕ್ಕಿಂತ ಕೊನೆಗೆ, ಎಷ್ಟೇ ಆಸೆ ಇದ್ದರೂ.

ಪೆಟ್ರೋಲ್ ಲೈನ್ ವಿಷಯ ಈಗ ಹೊಸ ತಲೆನೋವು. ಬಂಕುಗಳಲ್ಲಿ ಈಗ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಇದು ಹಳೇ ರಬ್ಬರ್ ಪೈಪನ್ನ, ಪಂಪಿನ ಪರೆಯನ್ನ ಮೆತ್ತಗೆ ಮಾಡುತ್ತೆ, ಗಾಳಿಯ ತೇವ ಎಳೆದುಕೊಂಡು ಕಬ್ಬಿಣದ ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತೆ. ಎಂಜಿನ್ ಬಿಸಿ ಇರುವಾಗ ಪೈಪ್ ಸೋರಿದರೆ ಬೆಂಕಿಯೇ. ಎಥನಾಲ್ ತಡೆಯೋ ಪೈಪ್ ಕೇಳಿ ಹಾಕಿಸಿ, ಕಾರ್ಬೊರೇಟರ್ ಮತ್ತೆ ಹೊಂದಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಾದರೆ ಟ್ಯಾಂಕಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಇಷ್ಟೆಲ್ಲ ಓದಿ ಬೇಸರವಾಗಿದ್ದರೆ ಸಣ್ಣದರಿಂದ ಶುರು ಮಾಡಿ. ಮೊದಲ ಪ್ರಾಜೆಕ್ಟಿಗೆ ಮಾರುತಿ 800 ಉತ್ತಮ. 2014ರವರೆಗೂ ತಯಾರಾದ ಗಾಡಿ, ಸ್ಪೇರ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತೆ, ಬಿಚ್ಚಿ ಜೋಡಿಸೋದು ಗೊತ್ತಿರೋ ಹುಡುಗರು ಪ್ರತಿ ಗ್ಯಾರೇಜಲ್ಲಿದ್ದಾರೆ. ಇಲ್ಲವೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ. ಕಿಕ್ಕರ್ರೇ ಗೇರ್ ಲಿವರೂ ಆಗಿರೋ ಆ ಬೈಕಿಗೆ ಜಾಗ ಕಡಿಮೆ ಸಾಕು, ಮನೆಯವರ ಬೈಗುಳವೂ ಕಡಿಮೆ. ಬರೀ ನೋಡಿ ಆಸೆ ತೀರಿಸಿಕೊಳ್ಳೋರಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಘಾಟಿ ಇಳಿದರೆ ಸಿಗುತ್ತೆ.

ಇನ್ನು, ಗಾಡಿ ಈಗಾಗಲೇ ನಿಮ್ಮ ಶೆಡ್ಡಲ್ಲೇ ಇದೆ, ಮಾಡಿಸೋಕೆ ಆಗಲ್ಲ, ತೂಕಕ್ಕೆ ಕೊಡೋಣ ಅಂತಿದ್ದೀರಾ? ಹಾಗಾದರೆ ಆರ್‌ಸಿ ಪುಸ್ತಕವನ್ನ ಗಾಡಿ ಜೊತೆಗೇ ಗುಜರಿಯವರ ಕೈಗೆ ಕೊಟ್ಟು ಕಳಿಸಬೇಡಿ. ನಿಮ್ಮ ಹೆಸರಿನ ಆರ್‌ಸಿ ಬೇರೆ ಯಾವುದೋ ಗಾಡಿಗೆ ಅಂಟಿಕೊಂಡು ಊರೂರು ಸುತ್ತಿದರೆ ಪೊಲೀಸರು ಬರೋದು ನಿಮ್ಮ ಮನೆಗೇ. ಗಾಡಿ ಬಿಚ್ಚಿ ಹಾಕಿದ 14 ದಿನದೊಳಗೆ ನೋಂದಣಿಯಾದ ಆರ್‌ಟಿಒಗೆ ಬರೆದು ತಿಳಿಸಿ, ಪುಸ್ತಕ ಒಪ್ಪಿಸಿ, ನೋಂದಣಿ ರದ್ದಾದ ಪತ್ರ ಇಸಿದುಕೊಳ್ಳಿ. ಸರ್ಕಾರದ ಮಾನ್ಯತೆ ಇರೋ ಗುಜರಿ ಕೇಂದ್ರಕ್ಕೆ ಕೊಟ್ಟರೆ ಅಲ್ಲೇ ಒಂದು ಠೇವಣಿ ಪ್ರಮಾಣಪತ್ರ ಕೊಡ್ತಾರೆ, ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.