ಫ್ರಾಂಕನ್‌ಸ್ಟೈನ್: ತಪ್ಪು ಮಾಡಿದ್ದು ಯಾರು, ಸೇಡು ಯಾರ ಮೇಲೆ?

ಫ್ರಾಂಕನ್‌ಸ್ಟೈನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕುತ್ತಿಗೆಯಲ್ಲಿ ಬೋಲ್ಟ್ ಇರೋ ರಾಕ್ಷಸ. ಅದು ಸಿನಿಮಾದವರು ಕೊಟ್ಟ ರೂಪ. ಮೇರಿ ಶೆಲ್ಲಿ ಬರೆದ ಕಾದಂಬರಿಯಲ್ಲಿ ಆ ಹೆಸರು ರಾಕ್ಷಸನದ್ದಲ್ಲ, ಅವನನ್ನು ತಯಾರಿಸಿದ ವಿದ್ಯಾರ್ಥಿ ವಿಕ್ಟರ್‌ದು. ಸೃಷ್ಟಿಗೆ ಹೆಸರೇ ಇಲ್ಲ! 1816ರಲ್ಲಿ ಇದನ್ನು ಬರೆಯೋಕೆ ಶುರು ಮಾಡಿದಾಗ ಮೇರಿಗೆ ಬರೀ 18 ವರ್ಷ. 1818ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಮೊದಲ ವೈಜ್ಞಾನಿಕ ಕಾದಂಬರಿ ಅಂತ ಹಲವರು ಕರೀತಾರೆ.

ವಿಕ್ಟರ್ ಸುಮಾರು ಎರಡು ವರ್ಷ ಕಷ್ಟಪಟ್ಟು ಒಂದು ಜೀವ ಸೃಷ್ಟಿಸ್ತಾನೆ. ಅದು ಕಣ್ಣು ಬಿಟ್ಟ ಕೂಡಲೇ ಹೆದರಿ ಓಡಿಹೋಗ್ತಾನೆ. ಆ ಜೀವ ಹುಟ್ಟಿನಿಂದ ಕೆಟ್ಟದ್ದಲ್ಲ. ಒಂದು ಬಡ ಕುಟುಂಬದ ಮನೆ ಪಕ್ಕ ಅಡಗಿಕೊಂಡು ಮಾತು ಕಲಿಯುತ್ತೆ, ಅವರಿಗೆ ಗೊತ್ತಾಗದ ಹಾಗೆ ಸೌದೆ ತಂದಿಡುತ್ತೆ. ಆದರೆ ಅದರ ಮುಖ ನೋಡಿದ ದಿನ ಅವರೂ ಹೊಡೆದು ಓಡಿಸ್ತಾರೆ. ಸೇಡು ಹುಟ್ಟೋದು ಅಲ್ಲಿಂದ.

ಅದು ವಿಕ್ಟರ್‌ನ ಪುಟ್ಟ ತಮ್ಮನನ್ನು ಕೊಲ್ಲುತ್ತೆ. ಆರೋಪ ಬರೋದು ಮನೆಗೆಲಸದ ಜಸ್ಟೀನ್ ಮೇಲೆ. ನಿಜ ಗೊತ್ತಿದ್ದೂ, ಹೇಳಿದರೆ ಹುಚ್ಚ ಅಂತಾರೆ ಅಂತ ವಿಕ್ಟರ್ ಅದನ್ನ ಬಾಯಿಬಿಡಲ್ಲ. ಜಸ್ಟೀನ್‌ಗೆ ಗಲ್ಲಾಗುತ್ತೆ. ತಾನೇ ನಿಜವಾದ ಕೊಲೆಗಾರ ಅಂತ ಅವನು ಒಳಗೊಳಗೇ ಕೊರಗ್ತಾನೆ, ಅಷ್ಟೇ.

ಇದನ್ನ ಓದುವಾಗ ನನಗೆ ನಮ್ಮ ಮಿನಿ ಪ್ರಾಜೆಕ್ಟ್ ನೆನಪಾಯ್ತು. ವೈರಿಂಗ್ ತಪ್ಪು ಮಾಡಿ ಬೋರ್ಡ್ ಸುಟ್ಟಿದ್ದು ನಾನು, ಬೈಸಿಕೊಂಡಿದ್ದು ನನ್ನ ಗೆಳೆಯ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಆದರೂ ಬೆಳಗ್ಗೆ ಹೋಗಿ ಹೇಳಲಿಲ್ಲ.

ಮುಂದೆ ಆ ಜೀವ ತನಗೊಬ್ಬಳು ಸಂಗಾತಿ ಬೇಕು ಅಂತ ಕೇಳುತ್ತೆ. ವಿಕ್ಟರ್ ಒಪ್ಪಿಕೊಂಡು, ಅರ್ಧ ಮಾಡಿ, ನಾಶಮಾಡ್ತಾನೆ. ಅದಕ್ಕೆ ಬೆಲೆ ತೆತ್ತವರು ಅವನ ಗೆಳೆಯ ಮತ್ತು ಮದುವೆಯ ರಾತ್ರಿಯೇ ಸತ್ತ ಹೆಂಡತಿ. ಈಗ ಸೇಡು ವಿಕ್ಟರ್‌ದು. ಅದನ್ನು ಬೆನ್ನಟ್ಟಿ ಉತ್ತರ ಧ್ರುವದ ಹಿಮದವರೆಗೂ ಹೋಗ್ತಾನೆ.

ಕಾದಂಬರಿಯ ಅಸಲಿ ವಿಷಯ ಇರೋದು ಕೊನೆಯಲ್ಲಿ. ಸಾಯೋ ಮುಂಚೆ ವಿಕ್ಟರ್, ತನ್ನ ನಡತೆಯಲ್ಲಿ ತಪ್ಪೇನೂ ಕಾಣ್ತಿಲ್ಲ ಅಂತಾನೆ! ಎದುರಿಗೊಬ್ಬ ಶತ್ರು ಸಿಕ್ಕಿದ ಮೇಲೆ ತನ್ನ ತಪ್ಪು ಮರೆತೇ ಹೋಯ್ತು. ಆ 'ರಾಕ್ಷಸ' ಮಾತ್ರ ಹೆಣದ ಮುಂದೆ ನಿಂತು, ತಾನು ಮಾಡಿದ ಕೊಲೆಗಳನ್ನ ನೆನೆದು ಪಶ್ಚಾತ್ತಾಪ ಪಡುತ್ತೆ. ಸೇಡು ತೀರಿದರೂ ಅದಕ್ಕೆ ನೆಮ್ಮದಿ ಸಿಗಲಿಲ್ಲ.

ಕೊರಗೋದೇ ಬೇರೆ, ಹೊಣೆ ಹೊತ್ತುಕೊಳ್ಳೋದೇ ಬೇರೆ. ಪುಸ್ತಕ ಮುಗಿಸಿದ ಮರುದಿನ ನಾನು ಗೆಳೆಯನಿಗೆ ನಿಜ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಅದೂ ನ್ಯಾಯವೇ.